ಹಬ್ಬದ ಚಿತ್ರವೂ ಅದನ್ನು ತಿದ್ದುವ ಕೈಯೂ

ಮಾಘಮಾಸದ ಕೊನೆಯ ಚಳಿ ಹಿಂದೆಗೆದು, ಹುಣಿಸೆಯ ಕಾಯಿ ಕಂದುಬಣ್ಣಕ್ಕೆ ತಿರುಗಿ, ಒಕ್ಕಣೆಯ ಕಣಗಳು ಬರಿದಾಗುವ ಹೊತ್ತಿಗೆ ತುಮಕೂರು ಸೀಮೆಯಲ್ಲಿ ಜಾತ್ರೆಗಳ ಕಾಲ ಆರಂಭವಾಗುವುದು. ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ, ಅದರ ಬಯಲಿನಲ್ಲಿ ದನಗಳ ಪರಿಷೆ. ಬೇಸಿಗೆ ಕಣ್ದೆರೆಯುತ್ತಲೇ ಜನ ಗುಬ್ಬಿಯಪ್ಪನೆಂದು ಕರೆಯುವ ಗೋಸಲ ಚನ್ನಬಸವೇಶ್ವರನ ತೇರು. ಯುಗಾದಿಯ ಆಸುಪಾಸಿನಲ್ಲಿ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ರಥೋತ್ಸವ. ದೇವರು ತೇರನ್ನೇರಿ ಹೊರಟಲ್ಲಿಗೆ ಭಕ್ತರು ಬರುವರು, ಭಕ್ತರು ಬಂದಲ್ಲಿಗೆ ಬಳೆಗಾರನೂ ಬತ್ತಾಸಿನವನೂ ನಾಟಕದವನೂ ಬರುವರು. ಮತ್ತು ಬಂದಿರುವೆನೆಂಬುದನ್ನು ಊರಿಗೆ ತಿಳಿಸದೆ ಇವರಾರ ವ್ಯಾಪಾರವೂ ಸಾಗದು. ಹೀಗೆ ಕಾಲಕಾಲಕ್ಕೆ ಜನರನ್ನು ಕರೆಯುವ ಕೆಲಸವೇ ಒಂದು ಕಸುಬಾಗಿ, ಆ ಕಸುಬಿಗೆ ಬಣ್ಣವೂ ಚಿತ್ರವೂ ಒದಗಿ, ಇಂದು ಅದು ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಾಲು ಬೆರಳಚ್ಚು ಮಾಡಿದರೆ ಅರೆನಿಮಿಷದೊಳಗೆ ಮೈದಳೆಯುವ ಕೃತಕ ಬುದ್ಧಿಮತ್ತೆಯ (ಎ.ಐ.) ಚಿತ್ರದವರೆಗೆ ಬಂದು ನಿಂತಿರುವುದು. ಈ ದಾರಿಯ ಕಥೆಯನ್ನು ನಮ್ಮ ಮೂರು ಊರುಗಳ ಮಟ್ಟಿಗಾದರೂ ಬರೆದಿಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಇದ್ದಿತು.

ಮೊದಲು ಕರೆಗೆ ಚಿತ್ರವಿರಲಿಲ್ಲ, ಧ್ವನಿಯಷ್ಟೇ ಇದ್ದಿತು. ತಮಟೆ ಬಡಿದು ಡಂಗುರ ಸಾರುವವನು ಇಂಥ ದಿನ ತೇರು, ಇಂಥ ದಿನ ಸಂತೆ ಎಂದು ಬೀದಿಯ ತಿರುವುಗಳಲ್ಲಿ ನಿಂತು ಕೂಗಿದರೆ ಸಾಕಾಗಿತ್ತು. ಗುಬ್ಬಿಯಾದರೋ ಹಳೆಯ ವರ್ತಕರ ಊರು. 1800ರಲ್ಲಿ ಈ ಸೀಮೆಯನ್ನು ಹಾಯ್ದುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಇಲ್ಲಿಯ ಪೇಟೆಗೆ ಸ್ಥಳ ಕೊಟ್ಟಿರುವನು. ಮಲೆನಾಡಿನ ಅಡಕೆ ಪೂರ್ವದ ಬಯಲುಸೀಮೆಗೆ ಇಳಿಯುವ ಹಾದಿಯಲ್ಲಿ ಅದೊಂದು ಪ್ರಮುಖ ತಂಗುದಾಣವಾಗಿದ್ದಿತು. ಇಂಥ ಪೇಟೆಯಲ್ಲಿ ಅಂಗಡಿಯ ಗುರುತೆಂದರೆ ಅಂಗಡಿಯವನ ಮುಖವೇ. ಮುಖ ಬಲ್ಲವರ ನಡುವೆ ಫಲಕ ಬೇಡ. ಅಪರಿಚಿತರು ಬರತೊಡಗಿದ ಮೇಲೆ ಮಾತ್ರ ಅದು ಬೇಕಾಗುವುದು.

ಆ ಅಪರಿಚಿತರನ್ನು ತಂದದ್ದು ರೈಲು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ಹಳಿ ಬಂದಿತು, ಮುಂದೆ ಗುಬ್ಬಿಯ ಮೂಲಕ ತಿಪಟೂರು, ಅರಸೀಕೆರೆಗಳ ಕಡೆಗೆ ಸಾಗಿತು. ಅದೇ 1884ರಲ್ಲಿ ಗುಬ್ಬಿಯ ಕೆಲವರು ಕೂಡಿ, ಊರ ದೇವರ ಹೆಸರಿನಲ್ಲಿ, ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಕಟ್ಟಿದರು. ಹಳಿಯೂ ಪರದೆಯೂ ಒಂದೇ ವರ್ಷದಲ್ಲಿ ಈ ನೆಲಕ್ಕೆ ಬಂದುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುವುದು. ಏಕೆಂದರೆ ಒಂದಿಲ್ಲದೆ ಮತ್ತೊಂದು ಆ ಎತ್ತರಕ್ಕೆ ಬೆಳೆಯುತ್ತಿರಲಿಲ್ಲ. ಸುರುಳಿ ಸುತ್ತಿದ ಪರದೆಗಳು, ದೀಪದ ಸಾಮಗ್ರಿ, ಪೋಷಾಕಿನ ಪೆಟ್ಟಿಗೆಗಳು, ಹಾರ್ಮೋನಿಯಂ, ಮಕ್ಕಳುಮರಿ ಸಹಿತವಾದ ಇಡೀ ಪರಿವಾರ ಊರಿಂದೂರಿಗೆ ಹೋಗಿ ಬೀಡುಬಿಡಬೇಕಾದರೆ ಎತ್ತಿನ ಗಾಡಿಯೊಂದರಿಂದಲೇ ಆಗುವಂತಿರಲಿಲ್ಲ.

ಆ ಪರದೆಗಳ ಮೂಲ ಈ ಸೀಮೆಯದಲ್ಲ. ಮುಂಬಯಿಯ ಪಾರ್ಸಿ ನಾಟಕ ಕಂಪೆನಿಗಳು ಐರೋಪ್ಯ ರಂಗಭೂಮಿಯನ್ನು ಕಂಡು ಬರೆಸಿದ ಪರದೆಗಳ ಕ್ರಮವೇ ದಕ್ಷಿಣದವರೆಗೂ ಹಬ್ಬಿ, ಮೈಸೂರಿನ ಅರಮನೆಯ ನಾಟಕ ಸಭೆಯಿಂದ ಹಿಡಿದು ಹಳ್ಳಿಯ ಕಂಪೆನಿಯವರೆಗೆ ಎಲ್ಲರಿಗೂ ಮಾದರಿಯಾಯಿತು. ಬೀದಿಯ ಪರದೆ, ದರ್ಬಾರಿನ ಪರದೆ, ಕಾಡಿನ ಪರದೆ, ಉದ್ಯಾನದ ಪರದೆ. ಬೀದಿಯ ಪರದೆಯಲ್ಲಿ ಎರಡು ಕಡೆಯ ಸೌಧಗಳು ದೂರಕ್ಕೆ ಸರಿದಂತೆ ಕಿರಿದಾಗುತ್ತ ಒಂದು ಬಿಂದುವಿನಲ್ಲಿ ಕೂಡಿಕೊಳ್ಳುವ ಆ ಲೆಕ್ಕಾಚಾರ ಕೂಡ ಪಶ್ಚಿಮದಿಂದ ಬಂದುದೇ. ಆದರೂ ಆ ಕಮಾನುಗಳ ಮುಂದೆ ನಿಂತು ಪಾತ್ರಧಾರಿಯೊಬ್ಬನು ಗುಬ್ಬಿಯ ಕನ್ನಡದಲ್ಲಿ ಕಂದವೊಂದನ್ನು ಎತ್ತಿಕೊಂಡನೆಂದರೆ, ಅದು ಹಸ್ತಿನಾವತಿಯೇ ಹೌದೆಂದು ಹೊರಗಿನ ಚಾಪೆಯ ಮೇಲೆ ಕುಳಿತ ರೈತ ಒಪ್ಪುತ್ತಿದ್ದನು. ಚಿತ್ರ ಎರವಿನದಾಗಿದ್ದರೂ ಅದಕ್ಕೆ ಹೊಣೆಯಾಗಿ ಮುಂದೆ ನಿಂತವನು ನಮ್ಮವನಾಗಿದ್ದನು.

ಈ ಹೊಣೆಯೆಂಬುದು ಎಷ್ಟರ ಮಟ್ಟಿನದೆಂದು ಗುಬ್ಬಿ ವೀರಣ್ಣನವರ ಕಾಲದಲ್ಲಿ ಸ್ಪಷ್ಟವಾಗಿ ಕಾಣಬಹುದು. 1891ರಲ್ಲಿ ಹುಟ್ಟಿ, ಬಾಲಕನಾಗಿಯೇ ಕಂಪೆನಿಯನ್ನು ಸೇರಿ, ಹಾಸ್ಯನಟನಾಗಿ ಹೆಸರಾಗಿ, ತರುವಾಯ ಅದರ ಒಡೆಯರಾದ ವೀರಣ್ಣನವರು ಜಾಹೀರಾತಿನ ಮರ್ಮವನ್ನು ಬಲ್ಲವರಾಗಿದ್ದರು. ಆಗಿನ ಕ್ರಮವೇನೆಂದರೆ, ಕಂಪೆನಿ ಒಂದೂರಿನಲ್ಲಿ ಕ್ಯಾಂಪು ಹಾಕಿತೆಂದರೆ ಸಂಜೆಯ ಹೊತ್ತಿಗೆ ಜಟಕಾ ಗಾಡಿಗೆ ಎರಡು ಕಡೆಯೂ ಚಿತ್ರದ ಫಲಕಗಳನ್ನು ಕಟ್ಟಿ, ಒಳಗೆ ಬ್ಯಾಂಡಿನವರನ್ನು ಕೂರಿಸಿ, ಗುಲಾಬಿ, ಹಳದಿ, ಹಸಿರು ಬಣ್ಣದ ತೆಳುಕಾಗದದ ಹ್ಯಾಂಡ್‌ಬಿಲ್ಲುಗಳನ್ನು ಬೀದಿಯುದ್ದಕ್ಕೂ ಎರಚುತ್ತ ಹೋಗುವುದು. ಮಕ್ಕಳು ಅದರ ಹಿಂದೆ ಧೂಳೆಬ್ಬಿಸಿ ಓಡುವುದು. ಹ್ಯಾಂಡ್‌ಬಿಲ್ಲಿನಲ್ಲಿ ಮರದ ಅಚ್ಚಿನ ದಪ್ಪ ಅಕ್ಷರಗಳಲ್ಲಿ ಏನೇನು ಸೋಜಿಗಗಳನ್ನು ಹೇಳಿರುವರೋ ಅವೆಲ್ಲವೂ ಅಂದು ರಾತ್ರಿ ಡೇರೆಯೊಳಗೆ ಇರಲೇಬೇಕು; ಇಲ್ಲವಾದರೆ ಮರುದಿನ ಡೇರೆ ಖಾಲಿ. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ವನ್ನು ಆಡಿದಾಗ ರಂಗದ ಮೇಲೆ ನಿಜವಾದ ಆನೆಕುದುರೆಗಳೇ ಬಂದುವೆಂಬುದು ಕನ್ನಡ ರಂಗಭೂಮಿಯ ಪ್ರಸಿದ್ಧ ಸಂಗತಿ. ಆನೆಯ ಚಿತ್ರವನ್ನು ಅಂಟಿಸಿ ಜನರನ್ನು ಕರೆದವನು ಆನೆಯನ್ನೇ ತಂದು ನಿಲ್ಲಿಸಿದನು. ಜಾಹೀರಾತಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆಯನ್ನು ನಾನು ಕಾಣೆನು.

ಇಷ್ಟರಲ್ಲಿ ಗೋಡೆಯ ಮೇಲಿನ ಚಿತ್ರಕ್ಕೆ ಬೇರೊಂದು ಮೂಲದಿಂದ ಪ್ರವಾಹ ಬಂದಿತ್ತು. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಆರಂಭಿಸಿದ ಶಿಲಾಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರು ಮೈಸೂರು ಸೀಮೆಯ ಮನೆಮನೆಯ ಪಡಸಾಲೆಗೂ ಬಂದು ಕುಳಿತರು. ಅದೇ ದೇವತೆಗಳು ಸೋಪಿನ, ಬೆಂಕಿಪೊಟ್ಟಣದ, ಗ್ರೈಪ್ ವಾಟರಿನ ಕ್ಯಾಲೆಂಡರುಗಳಿಗೂ ಇಳಿದರು; ಶಿವಕಾಶಿಯ ಅಚ್ಚುಕೂಟಗಳು ಆ ಕೆಲಸವನ್ನು ವಹಿಸಿಕೊಂಡ ಮೇಲಂತೂ ದೀಪಾವಳಿ ಕಳೆದು ಹೊಸವರ್ಷ ಬರುವುದರೊಳಗಾಗಿ ತುಮಕೂರಿನ ಮಂಡಿಪೇಟೆಯ ಪ್ರತಿ ಅಂಗಡಿಯವನೂ ಶಿವಕಾಶಿಯಿಂದ ಬಂದ ಒಂದೇ ತೆರನಾದ ಚಿತ್ರದ ಕೆಳಗೆ ತನ್ನ ಹೆಸರನ್ನು ಮಾತ್ರ ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚುವುದು ಪದ್ಧತಿಯಾಯಿತು. ಋತುವಿಗೆ ತಕ್ಕ ಮಾರಾಟದ ಚಿತ್ರವೆಂದು ಇಂದು ಯಾವುದನ್ನು ಹೇಳುವರೋ ಅದರ ತವರು ಈ ಕ್ಯಾಲೆಂಡರು. ಅಲ್ಲಿಯ ಲಕ್ಷ್ಮಿ ನಿಂತ ಕೊಳವಾಗಲಿ ಹಿಂದಿನ ಗಿರಿಯಾಗಲಿ ಈ ಜಿಲ್ಲೆಯದಲ್ಲ. ಎರವಿನ ಚಿತ್ರ ಎ.ಐ. ಬಂದ ಮೇಲೆ ಬಂದ ಪಿಡುಗೆಂದು ಮರುಗುವವರು ಈ ಹಿಂದಿನ ನೂರು ವರ್ಷವನ್ನು ಒಮ್ಮೆ ತಿರುಗಿ ನೋಡುವುದೊಳ್ಳೆಯದು.

ಆದರೆ ಆ ಕ್ಯಾಲೆಂಡರಿಗೂ ನಮ್ಮ ಬೀದಿಗೂ ನಡುವೆ ಒಬ್ಬ ಮನುಷ್ಯನಿದ್ದನು. ಅವನೇ ಬೋರ್ಡು ಬರೆಯುವವನು. ನನ್ನ ಬಾಲ್ಯದಲ್ಲಿ ತುಮಕೂರಿನ ಬಿ.ಎಚ್. ರಸ್ತೆಯ ಬದಿಯ ಒಂದು ಗೂಡಿನಂಥ ಕೋಣೆಯಲ್ಲಿ ಅಂಥವರೊಬ್ಬರು ಕೆಲಸ ಮಾಡುತ್ತಿದ್ದರು. ಶಾಲೆಯಿಂದ ಮರಳುವಾಗ ಅವರ ಬಾಗಿಲಿನಲ್ಲಿ ನಿಂತು ನೋಡುವುದು ನನಗೆ ದಿನಚರಿಯಾಗಿದ್ದಿತು. ತಗಡಿಗೆ ಮೊದಲು ಬಿಳಿಯ ಬಣ್ಣ ಹೊಡೆದು, ಅದು ಆರಿದ ಮೇಲೆ ಸೀಮೆಸುಣ್ಣ ಹಚ್ಚಿದ ದಾರವನ್ನು ಎರಡು ಕಡೆಯಿಂದಲೂ ಬಿಗಿಹಿಡಿದು ನಡುವೆ ಎತ್ತಿ ಬಿಡುವರು. ಪಟ್ಟೆಂದು ಸದ್ದಾಗಿ ನೇರವಾದ ಗೆರೆ ಮೂಡುವುದು. ಹೀಗೆ ಚೌಕಗಳನ್ನು ಹೊಡೆದು, ಪಕ್ಕದಲ್ಲಿ ತೂಗುಹಾಕಿದ ಕ್ಯಾಲೆಂಡರಿನ ಮೇಲೂ ಸೀಸದ ಕಡ್ಡಿಯಿಂದ ಅಷ್ಟೇ ಚೌಕಗಳನ್ನೆಳೆದು, ಒಂದೊಂದೇ ಚೌಕವನ್ನು ದೊಡ್ಡದಾಗಿ ಇಳಿಸಿಕೊಳ್ಳುವರು. ಎಡಗೈಯಲ್ಲಿ ಬಟ್ಟೆ ಸುತ್ತಿದ ಕೋಲು, ಅದರ ಮೇಲೆ ಊರಿದ ಬಲಗೈಯಲ್ಲಿ ಅಳಿಲುಕೂದಲಿನ ಕುಂಚ. ಅಕ್ಷರದ ಹೊಟ್ಟೆಯನ್ನು ತಿರುವುವಾಗ ಉಸಿರನ್ನು ಹಿಡಿದಿರುತ್ತಿದ್ದರು, ತಲೆಕಟ್ಟನ್ನು ಕೊನೆಯಲ್ಲಿ ಒಂದೇ ಎಳೆತಕ್ಕೆ ಎಳೆದು ಉಸಿರು ಬಿಡುತ್ತಿದ್ದರು.

ಒಂದು ಸಲ ಆಯುಧಪೂಜೆಯ ಮುನ್ನ ಅಡಕೆ ಮಂಡಿಯೊಂದಕ್ಕೆ ಲಕ್ಷ್ಮಿಯ ಫಲಕವನ್ನು ಬರೆಯುತ್ತಿದ್ದಾಗ ಅವರು ಮಾಡಿದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕ್ಯಾಲೆಂಡರಿನಲ್ಲಿ ದೇವಿಯ ಕೈಯಿಂದ ಚಿನ್ನದ ನಾಣ್ಯ ಸುರಿಯುತ್ತಿದ್ದಿತು, ಹಿಂದೆ ಹಿಮ ಮುಸುಕಿದ ಬೆಟ್ಟವಿದ್ದಿತು. ಮುಖವನ್ನೂ ಕೈಗಳನ್ನೂ ಇದ್ದಂತೆಯೇ ಇಳಿಸಿಕೊಂಡರು. ಬೆಟ್ಟಕ್ಕೆ ಬಂದಾಗ ಕುಂಚವನ್ನು ಕೆಳಗಿಟ್ಟು, ಎದ್ದು ಹೊರಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದು, ಹಿಮದ ಜಾಗದಲ್ಲಿ ಅಡಕೆಯ ತೋಟವನ್ನು ಬರೆದರು. ಸಣ್ಣನೆಯ ನೆಟ್ಟನೆಯ ಕಾಂಡ, ಅದರ ಮೈಮೇಲೆ ಉಂಗುರ ಉಂಗುರವಾದ ಬಿಳಿಯ ಗೆರೆ, ನೆತ್ತಿಯ ಕೆಳಗೆ ನುಣುಪಾದ ಹಸಿರು ಹಾಳೆ. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ. ಮಂಡಿಯವರು ಬಂದು ನೋಡಿ ಏನೂ ಹೇಳದೆ ಐದು ರೂಪಾಯಿಯನ್ನು ಹೆಚ್ಚಾಗಿ ಕೊಟ್ಟು ಫಲಕವನ್ನು ಎತ್ತಿಸಿಕೊಂಡು ಹೋದರು. ಶಿವಕಾಶಿಯ ಲಕ್ಷ್ಮಿ ಆ ದಿನ ತುಮಕೂರಿನವಳಾದಳು.

ಎಡೆಯೂರಿನ ಜಾತ್ರೆಯ ಅಂಗಡಿ ಸಾಲುಗಳಲ್ಲಿಯೂ, ಕುಣಿಗಲ್ಲಿನ ಕುದುರೆಗಳ ಕೀರ್ತಿಯನ್ನು ನೆನಪಿಸುವಂತೆ ಓಡುವ ಅಶ್ವವನ್ನು ಬರೆಸಿಕೊಂಡ ಆ ದಾರಿಯ ಹೋಟೆಲಿನ ಗೋಡೆಗಳಲ್ಲಿಯೂ ಇಂಥವೇ ಕೈಗಳು ಕೆಲಸ ಮಾಡುತ್ತಿದ್ದುವು. ಟಿಪ್ಪೂ ಸುಲ್ತಾನನ ಕಾಲದಿಂದ ಕುದುರೆ ಸಾಕಿದ ಊರಿನಲ್ಲಿ ಗೊರಸಿನ ಗಂಟನ್ನು ತಪ್ಪಾಗಿ ಬರೆದರೆ ಟೀ ಕುಡಿಯಲು ಬಂದ ಲಾಯದ ಆಳೂ ಬೆರಳಿಟ್ಟು ತೋರಿಸುತ್ತಿದ್ದನು. ತಿದ್ದುವವರು ಕಲಾವಿದರಷ್ಟೇ ಆಗಿರಲಿಲ್ಲವೆಂಬುದಕ್ಕಾಗಿ ಇದನ್ನು ಹೇಳಿದೆನು.

ಈ ಕಸುಬು ಅಳಿದುದು ಎ.ಐ.ನಿಂದಲ್ಲ, ಫ್ಲೆಕ್ಸಿನಿಂದ. ಈ ಶತಮಾನದ ಮೊದಲ ದಶಕದಲ್ಲಿ ಫ್ಲೆಕ್ಸ್ ಮುದ್ರಣದ ಯಂತ್ರಗಳು ಜಿಲ್ಲಾಕೇಂದ್ರಗಳಿಗೆ ಬಂದುವು. ‘ಬರಹ’, ‘ನುಡಿ’ ತಂತ್ರಾಂಶಗಳ ಸಿದ್ಧಾಕ್ಷರಗಳು ಕುಂಚದ ಅಕ್ಷರವನ್ನು ಬದಿಗೆ ಸರಿಸಿದುವು. ಮೂರು ದಿನದ ಕೆಲಸ ಮೂರು ಗಂಟೆಯದಾಯಿತು, ಬೆಲೆಯೂ ಬಹಳ ಇಳಿಯಿತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ಕಿನ ಫ್ಲೆಕ್ಸು ಬ್ಯಾನರುಗಳನ್ನು ನಿಷೇಧಿಸಿದರೂ ಗಣೇಶನ ಹಬ್ಬದ ವೃತ್ತಗಳಲ್ಲಿ ಅವು ಮತ್ತೆ ಮತ್ತೆ ತಲೆಯೆತ್ತಿದುವು, ಕುಂಚದ ಕೆಲಸ ಮಾತ್ರ ಮರಳಲಿಲ್ಲ. ಬಿ.ಎಚ್. ರಸ್ತೆಯ ಆ ಕೋಣೆ ಈಗ ಮೊಬೈಲ್ ರಿಪೇರಿಯ ಅಂಗಡಿ.

ಇನ್ನು ಚಿತ್ರವನ್ನು ಹಡೆಯುವ ಯಂತ್ರದ ಮಾತು. 2022ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಡಾಲ್-ಇ 2, ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಂಬವು ಒಂದರ ಹಿಂದೊಂದರಂತೆ ಲೋಕಕ್ಕೆ ಬಂದುವು. ಇವು ಕೆಲಸ ಮಾಡುವ ಬಗೆಯನ್ನು ಬೋರ್ಡಿನ ಭಾಷೆಯಲ್ಲಿ ಹೇಳುವುದಾದರೆ ಹೀಗೆ: ಕೋಟ್ಯಂತರ ಚಿತ್ರಗಳ ಮೇಲೆ ಒಂದಿಷ್ಟು ಒಂದಿಷ್ಟಾಗಿ ಮರಳೆರಚಿ ಅವು ಪೂರ್ತಿ ಮುಚ್ಚಿಹೋಗುವಂತೆ ಮಾಡಿ, ಆ ಮರಳನ್ನು ಹಂತಹಂತವಾಗಿ ಹಿಂದೆಗೆಯುವುದು ಹೇಗೆಂದು ಯಂತ್ರಕ್ಕೆ ಕಲಿಸುವರು, ಕಲಿತ ಮೇಲೆ ಬರಿಯ ಮರಳಿನ ಹಾಳೆಯನ್ನು ಮುಂದಿಟ್ಟು, ನಾವು ಹೇಳಿದ ಮಾತಿನ ಸುಳಿವು ಹಿಡಿದು, ಎಂದೂ ಇರದಿದ್ದ ಚಿತ್ರವನ್ನು ಅದರೊಳಗಿಂದ ಹೊರತೆಗೆಯೆಂದು ಆಜ್ಞಾಪಿಸುವರು. ಸ್ಟೇಬಲ್ ಡಿಫ್ಯೂಷನ್ನಿನ ಕಲಿಕೆಗೆ ಆಕರವಾದ ಲಾಯಾನ್-5ಬಿ ಎಂಬ ಸಂಗ್ರಹದಲ್ಲಿ ಶೀರ್ಷಿಕೆಸಹಿತವಾದ ಸುಮಾರು 585 ಕೋಟಿ ಚಿತ್ರಗಳಿದ್ದು, ಅವುಗಳಲ್ಲಿ 230 ಕೋಟಿಗೂ ಮಿಕ್ಕವುಗಳ ಶೀರ್ಷಿಕೆ ಇಂಗ್ಲಿಷಿನಲ್ಲಿದ್ದಿತು. ಗುರುತಿಗೆ ಸಿಕ್ಕ ಉಳಿದ ನೂರಕ್ಕೂ ಮಿಕ್ಕ ಭಾಷೆಗಳೆಲ್ಲ ಸೇರಿದರೂ ಹೆಚ್ಚುಕಡಿಮೆ ಅಷ್ಟೇ. ಆ ನೂರರೊಳಗೊಂದಾದ ನಮ್ಮ ಮಾತಿನಲ್ಲಿ ಗುಬ್ಬಿಯ ತೇರೆಂದು ಹೆಸರು ಬರೆದ ಚಿತ್ರಗಳು ಅದರೊಳಗೆ ಎಷ್ಟಿದ್ದಾವು!

ಆದಕಾರಣವೇ ನಾನೊಮ್ಮೆ ಕುತೂಹಲದಿಂದ ಗುಬ್ಬಿಯ ಜಾತ್ರೆಯ ಚಿತ್ರವನ್ನು ಕೇಳಿದಾಗ ಬಂದ ತೇರಿನ ಶಿಖರ ಪುರಿಯ ಜಗನ್ನಾಥನ ರಥದಂತಿದ್ದಿತು, ಹಿಂದಿನ ಗೋಪುರ ಮಧುರೆಯದರಂತಿದ್ದಿತು. ಜನಜಂಗುಳಿಯ ಮುಂದೆ ನಂದಿಕೋಲಿನವನಿಗೆ ಬದಲಾಗಿ ಭರತನಾಟ್ಯದ ಉಡುಗೆಯ ಹೆಂಗಸರಿದ್ದರು. ಬೆಳಕು ಮಾತ್ರ ಅಪೂರ್ವವಾಗಿದ್ದಿತು; ಸಂಜೆಯ ಧೂಳಿನೊಳಗಿಂದ ಬಿಸಿಲಿನ ಕೋಲುಗಳು ಇಳಿದುಬರುವ ಚೆಲುವನ್ನು ಕಂಡು ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ಆಮೇಲೆ ಸಿದ್ಧಗಂಗೆಯ ಶಿವರಾತ್ರಿಗೆಂದು ಕೇಳಿದ ಚಿತ್ರದಲ್ಲಿ ವೃದ್ಧ ಯತಿಯೊಬ್ಬರ ಹಣೆಯ ಮೇಲೆ ಅಡ್ಡ ವಿಭೂತಿಯ ಜಾಗದಲ್ಲಿ ನೆಟ್ಟನೆಯ ನಾಮವಿದ್ದಿತು. ಈ ಸೀಮೆಯಲ್ಲಿ ಅದನ್ನು ಹಾಗೆಯೇ ಅಚ್ಚು ಹಾಕಿಸಿ ಬೀದಿಗೆ ಕಟ್ಟಿದರೆ ಅದು ಸಣ್ಣ ತಪ್ಪೆನಿಸದು; ಅದು ಗುರುಪೀಠವನ್ನೇ ಅರಿಯದವನ ಮಾತಾಗುವುದು.

ಅಕ್ಷರದ ಕಥೆಯೂ ಇಂಥದೇ. ಮೊದಲಲ್ಲಿ ಬಂದ ಯಂತ್ರಗಳಿಗೆ ಕನ್ನಡದ ಅಕ್ಷರವೆಂದರೆ ದುಂಡಗಿನ ಒಂದು ಬಳ್ಳಿಯ ನಕಾಶೆ. ತೆಲುಗಿಗೂ ಕನ್ನಡಕ್ಕೂ ನಡುವಿನ ಎಲ್ಲಿಯೂ ಇಲ್ಲದ ಲಿಪಿಯೊಂದನ್ನು ಅವು ಬರೆದುಕೊಡುತ್ತಿದ್ದುವು. 2025ರಲ್ಲಿ ಬಂದವು ಎಷ್ಟೋ ಮೇಲು, ಆದರೂ ಒತ್ತಕ್ಷರ ಬಂದಲ್ಲಿ ಎಡವುವುವು. ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾಯಿದೆಯಾದುದು ನನಗೆ ಬಹು ಸಂತೋಷದ ವಿಷಯ. ಆದರೆ ‘ಹಬ್ಬ’ದ ಬ-ಒತ್ತು ತಲೆಕೆಳಗಾದಾಗ ಅದನ್ನು ಕಂಡು ನೋಯುವ ಕಣ್ಣನ್ನು ಕಾಯಿದೆ ಒದಗಿಸಲಾರದು.

ಇದೆಲ್ಲವನ್ನೂ ಯಂತ್ರದ ಮೇಲಿನ ದೂರಾಗಿ ನಾನು ಬರೆಯುತ್ತಿಲ್ಲ. ಪಾರ್ಸಿಯವರ ಪರದೆ ಬಂದಾಗಲೂ ಶಿವಕಾಶಿಯ ಲಕ್ಷ್ಮಿ ಬಂದಾಗಲೂ ಹೊರಗಿನ ಚಿತ್ರ ಹೊರಗಿನದಾಗಿಯೇ ಬಂದಿತು. ಅದಕ್ಕೂ ಬೀದಿಗೂ ನಡುವೆ ಒಬ್ಬನು ನಿಂತು ಅದನ್ನು ತಿದ್ದಿದನು, ತಿದ್ದಿದುದಕ್ಕೆ ತಾನೇ ಹೊಣೆಯಾದನು. ಆ ಮಧ್ಯಸ್ಥನಿಗೆ ಮೂರು ದಿನದ ಬಿಡುವಿದ್ದಿತು, ಮಧ್ಯೆ ಎದ್ದು ಹೋಗಿ ಒಂದು ಲೋಟ ಕಾಫಿ ಕುಡಿಯುವಷ್ಟು ಯೋಚನೆಗೆ ಅವಕಾಶವಿದ್ದಿತು. ಚಿತ್ರ ಅರೆನಿಮಿಷದಲ್ಲಿ ಬಂದಾಗ ಕಾಣೆಯಾಗುವುದು ಆ ಕಾಫಿಯ ಹೊತ್ತು. ನನ್ನ ಚಿಂತೆ ಅಷ್ಟೇ, ಮತ್ತು ಅದು ಸಣ್ಣ ಚಿಂತೆಯಲ್ಲ.

ಕಳೆದ ದೀಪಾವಳಿಯ ಮುನ್ನಾದಿನಗಳಲ್ಲಿ ತುಮಕೂರಿನ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ನನ್ನ ಕೆಲಸಕ್ಕಾಗಿ ಕಾಯುತ್ತ ಕುಳಿತಿದ್ದೆನು. ಗುಬ್ಬಿಯ ಕಡೆಯ ವಯಸ್ಸಾದ ಅಡಕೆ ವ್ಯಾಪಾರಿಯೊಬ್ಬರು ಬಂದು, ಹಬ್ಬಕ್ಕೆ ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ಕಳುಹಿಸಲೊಂದು ಚಿತ್ರ ಬೇಕೆಂದರು. ಕಂಪ್ಯೂಟರಿನ ಮುಂದಿದ್ದ ಹುಡುಗ, ಇಪ್ಪತ್ತೆರಡರ ಒಳಗಿನವನು, ಸರಸರನೆ ಒಂದು ಸಾಲು ಬೆರಳಚ್ಚು ಮಾಡಿದನು. ದೀಪಗಳ ಸಾಲು, ಹಿತ್ತಾಳೆಯ ಹರಿವಾಣ, ಅದರಲ್ಲಿ ಅಡಕೆಯ ರಾಶಿ, ಪಕ್ಕದಲ್ಲಿ ಬಂಗಾರದ ಬಣ್ಣದ ಹೂಗೊಂಚಲು; ನೋಡಲು ಬಹು ಸೊಗಸಾಗಿದ್ದಿತು. ಹಿರಿಯರು ಕನ್ನಡಕವನ್ನು ಮೇಲೆತ್ತಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಬಹಳ ಹೊತ್ತು ನೋಡಿದರು.

“ಮಗ, ಇದು ಹಿಂಗಾರ ಅಲ್ಲ ಕಣಪ್ಪ. ಇದು ಯಾವ್ದೋ ಗೋಧಿ ತೆನೆ.”

ಹುಡುಗ ಇನ್ನೆರಡು ಸಲ ಕೇಳಿ ನೋಡಿದನು. ಒಮ್ಮೆ ತೆಂಗಿನ ಹೊಂಬಾಳೆ ಬಂದಿತು, ಒಮ್ಮೆ ಖರ್ಜೂರದ ಗೊನೆ. ಆಗ ಅವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಜೇಬಿನಿಂದ ಫೋನು ತೆಗೆದು, ಅಕ್ಕನ ಮದುವೆಯ ದಿನ ತಾನೇ ಹಿಡಿದ ಒಂದು ಫೋಟೋವನ್ನು ಹುಡುಕಿದನು. ಅದರಲ್ಲಿ ಕಳಸದ ಬಾಯಿಗೆ ಸಿಕ್ಕಿಸಿದ ಹಿಂಗಾರವಿದ್ದಿತು, ಹಾಳೆಯನ್ನು ಅದೇ ಆಗ ಸೀಳಿ ತೆಗೆದ, ಕೆನೆಬಣ್ಣದ ಎಳೆ ಎಳೆಯಾದ ಹಿಂಗಾರ. ಅದರ ಅಂಚನ್ನು ಒಂದೊಂದೇ ಎಳೆ ಬಿಡಿಸಿ ಕತ್ತರಿಸತೊಡಗಿದನು. ಹಿರಿಯರು ಒಂದು ಸ್ಟೂಲನ್ನು ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತರು.